ಕಮಾನಿಗೆ ಕಾಣದ ಸವಾರ
ಕಂತು ಹದಿನಾಲ್ಕು

ಐದನೆಯ ಸಲವೂ ಹಸಿರು ದೀಪವೇ ಹತ್ತಿತು.

ಡ್ವೇನ್ ಕ್ರೆಸ್ಗಿ ಬೈಕನ್ನು ಟೋಲ್ ಕಮಾನಿನ ಆಚೆ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಹಿಂದಿರುಗಿ ನೋಡಿದ. ದೀಪವನ್ನು ಅವನೂ ಕಂಡಿದ್ದ.

"ಇನ್ನೊಂದ್ಸಲ ಹೋಗ್ಲಾ ಹುದಾಕಣ್ಣ?" ಎಂದು ಕೂಗಿದ. "ಈ ಸಲ ಬೇಕಾದ್ರೆ ಕಣ್ಣು ಮುಚ್ಕೊಂಡು ಹೋಗ್ತೀನಿ. ನನ್ನ ನೋಡಿ ಅದಕ್ಕೂ ಕರುಣೆ ಬರ್ಬೋದು."

"ಸಾಕು, ಇಳಿಯಪ್ಪಾ" ಎಂದಳು ರೆನಾ ಗಟ್‌ಶಾಲ್.

ಡ್ವೇನ್ ನಮ್ಮೂರ ಬೈಕ್ ಸಂಘದವನು. ಹೆಣದ ಮುಂದೆಯೂ ತಮಾಷೆ ಮಾಡುವ ಮನುಷ್ಯ. ನನ್ನ ಮಗನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ರೆನಾ ಕೌಂಟಿಯ ಪತ್ತೇದಾರಿಣಿ. ನನ್ನ ಮಗ ಥ್ಯಾಡ್‌ನನ್ನು ಕೊಂದವನೆಂದು ಗ್ಲೆನ್ ಯುರ್ಕೋನನ್ನು ಹಿಡಿದು ಜೈಲಿಗೆ ಹಾಕಿದವಳು ಅವಳೇ. ಗ್ಲೆನ್ ಕೊಂದಿಲ್ಲವೆಂದು ನಾಲ್ಕು ತಿಂಗಳಿಂದ ಹೇಳುತ್ತಿರುವವನು ನಾನೊಬ್ಬನೇ, ಸತ್ತವನ ತಂದೆ.

ಅಂದು ಗುರುವಾರ. ಸೋಮವಾರ ಬೆಳಿಗ್ಗೆ ಗ್ಲೆನ್ ತಪ್ಪೊಪ್ಪಿಗೆಗೆ ಸಹಿ ಹಾಕುವವನಿದ್ದ. ಒಪ್ಪಿಕೊಂಡರೆ ಮೂವತ್ತು ವರ್ಷ, ಒಪ್ಪದೆ ಸೋತರೆ ಸಾಯುವವರೆಗೂ ಸೆರೆ ಎಂದು ಅವನ ವಕೀಲರು ಹೇಳಿದ್ದರು. ಗೆಲ್ಲುವ ಮಾತನ್ನು ಅವರು ಎತ್ತಿರಲಿಲ್ಲ.

"ಟ್ಯಾಗ್ ಕೆಟ್ಟಿದೆ ಅಂದ್ರಿ" ಎಂದು ರೆನಾ ನನ್ನತ್ತ ತಿರುಗಿದಳು. "ಇಟ್ಟಿರೋ ಜಾಗ ಸರಿ ಇಲ್ಲ ಅಂದ್ರಿ. ನಿಮ್ಮ ಮಾತು ಕೇಳಿ ಪೊಲೀಸ್ ಕೊಠಡೀಲಿದ್ದ ಬೈಕ್ ತೆಗೆಸ್ದೆ. ಟೋಲ್‌ನೋರ ಕೈಕಾಲು ಹಿಡ್ದು ಈ ಪರೀಕ್ಷೆ ಅಂಗಳದ ಕಮಾನು ಕೇಳ್ಕೊಂಡೆ. ಐದಕ್ಕೆ ಐದು ಸಲ ಓದ್ತು, ತಾತ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿತ್ತು.

ವಿಷಯ ಇಷ್ಟೇ. ಜೂನ್ ಐದರ ಸಂಜೆ ಐದರಿಂದ ಐದೂವರೆಯೊಳಗೆ ಥ್ಯಾಡ್‌ನನ್ನು ಅವನ ಗ್ಯಾರೇಜಿನಲ್ಲಿ ತಲೆಗೆ ಹೊಡೆದು ಕೊಂದರು. ಆ ಹೊತ್ತಿನಲ್ಲಿ ತಾನು ಮೀನು ಹಿಡಿಯಲು ಉತ್ತರದ ಕೆರೆಗೆ ಹೋಗುತ್ತಿದ್ದೆ, ಮೂವತ್ತೈದು ಮೈಲಿ ದೂರದ ಟೋಲ್ ಕಮಾನಿನ ಕೆಳಗೆ ಹಾದೆ ಎಂದು ಗ್ಲೆನ್ ಹೇಳುತ್ತಾನೆ. ಆದರೆ ಟೋಲ್ ಹಣ ಕಡಿತವಾಗಲು ಬೈಕಿಗೆ ಹಾಕಿದ್ದ ಅವನ ಟ್ಯಾಗನ್ನು ಅಂದು ಯಾವ ಕಮಾನೂ ಓದಿಲ್ಲ.

ಟ್ಯಾಗು ಓದದಿದ್ದರೆ ಕಮಾನು ಹಿಂದಿನಿಂದ ಚಿತ್ರ ತೆಗೆಯುತ್ತದೆ. ಅಂದು ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಅಂಥ ಒಂದು ಚಿತ್ರ ಬಿದ್ದಿದೆ. ನೀಲಿ ಬೈಕು, ಮಳೆಕೋಟಿನ ಬೆನ್ನು, ನಂಬರಿನ ಫಲಕದ ಮೇಲೆ ಜೋತುಬಿದ್ದ ಟಾರ್ಪಾಲು. ಅದು ತಾನೇ ಎನ್ನುತ್ತಾನೆ ಗ್ಲೆನ್. ಸರ್ಕಾರಿ ವಕೀಲರು ನಗುತ್ತಾರೆ. ನಿನ್ನ ಟ್ಯಾಗು ಗಟ್ಟಿಮುಟ್ಟಾಗಿದೆ, ನೀನು ಹೋಗಿದ್ದರೆ ಕಮಾನು ಓದುತ್ತಿತ್ತು, ಚಿತ್ರವೇ ಬೀಳುತ್ತಿರಲಿಲ್ಲ, ಆದ್ದರಿಂದ ಚಿತ್ರದಲ್ಲಿರುವವನು ಬೇರೆ ಯಾರೋ ಎನ್ನುತ್ತಾರೆ.

ಈಗ ಆ ಮಾತಿಗೆ ನಾನೇ ಐದು ಸಾಕ್ಷಿ ಒದಗಿಸಿಕೊಟ್ಟಿದ್ದೆ.

ಇಪ್ಪತ್ತೇಳು ವರ್ಷ ನಾನು ಟೋಲ್ ಗೂಡಿನಲ್ಲಿ ಕುಳಿತವನು. ಕಮಾನುಗಳನ್ನು ನೆಟ್ಟು ಗೂಡುಗಳನ್ನು ಕಿತ್ತ ವರ್ಷ ನಿವೃತ್ತನಾದೆ. ಕಾರಿನವರಿಗೆ ಮುಂಗಾಜಿದೆ, ಟ್ಯಾಗನ್ನು ಅಂಟಿಸಿ ಮರೆತುಬಿಡುತ್ತಾರೆ. ಬೈಕಿನವರಿಗೆ ಅದೊಂದು ಪಾಡು. ಕೆಲವರು ಜಾಕೆಟ್ಟಿನ ಎದೆಜೇಬಿನಲ್ಲಿಡುತ್ತಾರೆ. ಕೆಲವರು ಸೀಟಿನ ಕೆಳಗೆ ತುರುಕಿ, ಓದಲಿಲ್ಲವೆಂದು ಜಗಳಕ್ಕೆ ಬರುತ್ತಾರೆ. ಒಬ್ಬಾಕೆ ರಬ್ಬರ್ ಪಟ್ಟಿಯಿಂದ ಹೆಲ್ಮೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದಳು. ಒಬ್ಬ ಪುಣ್ಯಾತ್ಮ ಹಲ್ಲಿನಲ್ಲಿ ಕಚ್ಚಿಕೊಂಡು ಬಂದು, ನಾನು ನಮಸ್ಕಾರ ಹೇಳಿದಾಗ ಬಾಯಿ ತೆರೆದು ಬೀಳಿಸಿದ್ದ. ಎಲ್ಲರಿಗೂ ನಾನು ಹೇಳುತ್ತಿದ್ದುದು ಒಂದೇ. ಮುಂದುಗಡೆ ಇರಲಿ, ಮುಖ ಮೇಲಕ್ಕಿರಲಿ, ಲೋಹ ಅಡ್ಡ ಬರದಿರಲಿ.

ಗ್ಲೆನ್ ಹಾಗೆಯೇ ಕೂರಿಸಿದ್ದ. ಹ್ಯಾಂಡಲ್ ಬಾರಿನ ನಡುವೆ ರಬ್ಬರಿನ ಹಿಡಿಕೆ, ಅದರಲ್ಲಿ ಅಂಗೈಯಗಲದ ಬಿಳಿ ಟ್ಯಾಗು, ಮುಖ ಮೇಲಕ್ಕೆ. ನಾನು ಕಲಿಸಿದ ಹುಡುಗ. ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ಅವನನ್ನು ತೊಟ್ಟಿಯ ಮುಂದೆ ಎತ್ತಿಕೊಂಡವನೇ ನಾನು.

"ಬೈಕ್ ಒಳಗೆ ಹಾಕ್ಸ್ಲಾ?" ಎಂದಳು ರೆನಾ.

"ಒಂದು ನಿಮಿಷ ತಾಯಿ."

ನಾನು ಕನ್ನಡಕ ಒರೆಸಿಕೊಂಡು ಬೈಕಿನ ಮೇಲೆ ಬಾಗಿದೆ. ಏನನ್ನು ಹುಡುಕುತ್ತಿದ್ದೇನೆಂದು ನನಗೂ ಗೊತ್ತಿರಲಿಲ್ಲ. ಬರಿಗೈಯಲ್ಲಿ ಮನೆಗೆ ಹೋಗಲು ಮನಸ್ಸಿರಲಿಲ್ಲ, ಅಷ್ಟೆ. ಟ್ಯಾಗಿನ ಮುಖದ ಮೇಲೆ ಅದರ ನಂಬರಿನ ಕಾಗದ ಅಂಟಿಸಿರುತ್ತಾರೆ. ಆ ಕಾಗದ ಹರಿದಿತ್ತು. ಹನ್ನೊಂದು ಅಂಕಿಗಳಲ್ಲಿ ನಾಲ್ಕು ಹೋಗಿದ್ದವು. ಪಕ್ಕದಲ್ಲಿ ತೆಳುವಾದ ಗೀರೊಂದಿತ್ತು.

ಬೆರಳಾಡಿಸಿದೆ. ಹರಿದ ಜಾಗ ಜಿಗುಟಾಗಿತ್ತು. ಆ ಜಿಗುಟಿಗೊಂದು ಅಂಚಿತ್ತು. ಅಂಚಿನ ಗುಂಟ ಬೆರಳು ಹೋಗುತ್ತಾ ಹೋಗುತ್ತಾ ಒಂದು ಸುತ್ತು ಬಂತು. ಮೊಟ್ಟೆಯ ಆಕಾರ.

ಎರಡೂ ಕೈಯಲ್ಲಿ ಹ್ಯಾಂಡಲ್ ಬಾರು ಹಿಡಿದುಕೊಂಡೆ. ಡ್ವೇನ್ ಓಡಿ ಬಂದು ತೋಳು ಹಿಡಿದ.

"ಏನಾಯ್ತಣ್ಣ? ಮಾತ್ರೆ ತಗೊಂಡಿದ್ಯಾ ಇವತ್ತು?"

"ಡ್ವೇನ್, ಮೇ ತಿಂಗಳ ಕೊನೇ ಭಾನುವಾರ ಬೈಕ್‌ಗಳಿಗೆ ಆಶೀರ್ವಾದ ಮಾಡ್ಸಿದ್ವಲ್ಲ. ನಿನ್ನ ಬೈಕ್‌ಗೆ ತಗಡಿನ ಬಿಲ್ಲೆ ಎಲ್ಲಿ ಅಂಟಿಸ್ದೆ ನಾನು?"

"ಟ್ಯಾಂಕ್ ಮೇಲೆ. ಬಣ್ಣ ಹಾಳಾಯ್ತು ಅಂತ ನಿನಗೆ ಬೈದಿದ್ನಲ್ಲ. ಯಾಕೆ?"

ಪ್ರತಿ ವರ್ಷ ನಮ್ಮ ಚರ್ಚಿನ ಅಂಗಳದಲ್ಲಿ ಬೈಕುಗಳು ಸಾಲಾಗಿ ನಿಲ್ಲುತ್ತವೆ. ಫಾದರ್ ಪವಿತ್ರ ಜಲ ಚಿಮುಕಿಸುತ್ತಾ ಮುಂದೆ ನಡೆಯುತ್ತಾರೆ. ಅವರ ಹಿಂದೆ ನಾನು, ಪ್ರಯಾಣಿಕರನ್ನು ಕಾಯುವ ಸಂತ ಕ್ರಿಸ್ಟೋಫರರ ಬಿಲ್ಲೆಗಳ ಪೆಟ್ಟಿಗೆ ಹಿಡಿದು ಹೋಗುತ್ತೇನೆ. ಅಂಗೈಯಷ್ಟು ದೊಡ್ಡ, ಮೊಟ್ಟೆಯಾಕಾರದ ತಗಡು, ಹಿಂದೆ ಗಟ್ಟಿ ಅಂಟು. ಎಲ್ಲಿ ಸಮತಟ್ಟು ಜಾಗ ಕಾಣುತ್ತದೋ ಅಲ್ಲಿ ಒತ್ತಿ, ಶಿಲುಬೆಯ ಗುರುತು ಮಾಡಿ, ಮುಂದಿನ ಬೈಕಿಗೆ ಹೋಗುತ್ತೇನೆ. ಆ ವರ್ಷ ನಲವತ್ತು ಬೈಕುಗಳಿದ್ದವು. ಬಿಸಿಲಿತ್ತು. ಗ್ಲೆನ್‌ನ ಬೈಕಿನ ಮುಂದೆ ಒಂದು ಕ್ಷಣ ನಿಂತಿದ್ದೆ. ಹ್ಯಾಂಡಲ್ ಬಾರಿನ ನಡುವೆ ಬಿಳಿಯ, ಚೊಕ್ಕಟವಾದ, ಸಮತಟ್ಟಾದ ಜಾಗವೊಂದು ಕಂಡಿತ್ತು.

ಇಪ್ಪತ್ತೇಳು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಕೈ, ಪ್ರಾರ್ಥನೆ ಹೇಳಿಕೊಳ್ಳುತ್ತಾ ಟ್ಯಾಗಿನ ಕಣ್ಣಿನ ಮೇಲೆಯೇ ತಗಡು ಒತ್ತಿತ್ತು.

ರೆನಾಗೆ ಹೇಳಿದೆ.

"ಉಳಿದ ಬಿಲ್ಲೆ ಇದ್ಯಾ?" ಎಂದು ಅವಳು ಕೇಳಿದಳು.

"ನನ್ನ ಕಾರಿನ ಡಿಕ್ಕೀಲಿ ಪೆಟ್ಟಿಗೆ ಹಾಗೇ ಇದೆ."

ಹೊಸ ಬಿಲ್ಲೆಯೊಂದನ್ನು ಟ್ಯಾಗಿನ ಮೇಲೆ ಅಂಟಿಸಿದೆವು. ಜಿಗುಟಿನ ಅಂಚಿಗೆ ಅದು ಅಳತೆ ಮಾಡಿದಂತೆ ಕೂತಿತು. ಡ್ವೇನ್ ಹೋದ. ಹಸಿರು ದೀಪ ಹತ್ತಲಿಲ್ಲ. ಕಮಾನಿನ ಮೇಲಿನಿಂದ ಬಿಳಿಯ ಮಿಂಚು ಹೊಡೆದು ಚಿತ್ರ ತೆಗೆಯಿತು. ಮತ್ತೆ ಹೋದ. ಮತ್ತೆ ಮಿಂಚು. ಐದು ಸಲ ಹೋದ, ಐದು ಸಲವೂ ಅಷ್ಟೆ.

"ಸಂತರೇ, ನೀವು ಕಾಯೋದು ಅಂದ್ರೆ ಹೀಗಾ?" ಎಂದು ಡ್ವೇನ್ ಹೆಲ್ಮೆಟ್ ತೆಗೆದು ಆಕಾಶ ನೋಡಿದ. ಆಮೇಲೆ ನನ್ನ ಮುಖ ನೋಡಿ, "ತಪ್ಪಾಯ್ತಣ್ಣ" ಎಂದ.

ನಾನು ಆಗಲೇ ಪ್ರಭುವಿಗೆ ವಂದಿಸುತ್ತಾ ಜೇಬಿನಲ್ಲಿ ಜಪಸರ ಹಿಡಿದಿದ್ದೆ. ಆದರೆ ರೆನಾ ನಗಲಿಲ್ಲ.

"ಬಿಲ್ಲೆ ಇದ್ರೆ ಓದಲ್ಲ ಅಂತ ಗೊತ್ತಾಯ್ತು. ಜೂನ್ ಐದಕ್ಕೆ ಇದರ ಮೇಲೆ ಬಿಲ್ಲೆ ಇತ್ತು ಅಂತ ಗೊತ್ತಾಗ್ಲಿಲ್ಲ. ಬಂಧಿಸಿದ ದಿನ ನಾವು ತೆಗೆದ ಫೋಟೋದಲ್ಲಿ ಬಿಲ್ಲೆ ಇಲ್ಲ."

"ನಾನೇ ಅಂಟಿಸ್ದೆ ಅಂತ ಪ್ರಮಾಣ ಮಾಡಿ ಹೇಳ್ತೀನಿ."

"ನಾಲ್ಕು ತಿಂಗಳು ನೆನಪಾಗದ್ದು ಇವತ್ತು ಹೇಗೆ ನೆನಪಾಯ್ತು ತಾತ ಅಂತ ಕೇಳ್ತಾರೆ. ಬೇರೆ ಪ್ರಯಾಣದ ದಾಖಲೆ ಇದ್ಯಾ? ಆಶೀರ್ವಾದ ಆದ್ಮೇಲೆ ಗ್ಲೆನ್ ಟೋಲ್ ರಸ್ತೆಗೆ ಹೋಗಿದ್ನಾ?"

ಹೋಗಿರಲಿಲ್ಲ. ನಡುವೆ ಹನ್ನೊಂದೇ ದಿನ, ಹನ್ನೊಂದೂ ದಿನ ಗ್ಯಾರೇಜಿನ ಕೆಲಸ.

"ಹಾಗಾದ್ರೆ ಆ ಹಳೇ ಬಿಲ್ಲೇನೇ ಬೇಕು" ಎಂದಳು. "ಅದನ್ನ ಕಿತ್ತಾಗ ಈ ಕಾಗದ ಹರಿದಿದೆ. ಈ ನಾಲ್ಕು ಅಂಕಿ ಅದರ ಹಿಂದೆ ಅಂಟ್ಕೊಂಡಿರುತ್ತೆ. ಅದು ಸಿಕ್ಕಿದ್ರೆ ವಕೀಲರ ಬಾಯಿ ಮುಚ್ಚಿಸ್ಬೋದು. ಕಿತ್ತೋರು ಯಾರು?"

ಗ್ಲೆನ್ ಅಲ್ಲ. ಕಿತ್ತಿದ್ದರೆ ಅವನಿಗೆ ಬಿಲ್ಲೆಯ ನೆನಪಾದರೂ ಇರುತ್ತಿತ್ತು. ಸಾವಿಗೂ ಬಂಧನಕ್ಕೂ ನಡುವೆ ಒಂದು ವಾರ ಆ ಬೈಕು ಅವನ ಮನೆಯ ಕೊಟ್ಟಿಗೆಯಲ್ಲಿತ್ತು. ಆ ಮನೆಯಲ್ಲಿ ಇದ್ದವರು ಇಬ್ಬರೇ.

ಗುರುವಾರ ಮಧ್ಯಾಹ್ನ ಗ್ಲೆನ್‌ನ ಹೆಂಡತಿ ಮಾರ್ಸೆಲಾ ಎಲ್ಲಿರುತ್ತಾಳೆಂದು ನಮ್ಮೂರಿನಲ್ಲಿ ಯಾರೂ ಕೇಳಬೇಕಾಗಿಲ್ಲ. ಶುಕ್ರವಾರದ ಮಾರಾಟಕ್ಕಾಗಿ ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಗಿ ಎಂಬ ಆಲೂಗಡ್ಡೆ ಕಡುಬು ಮಾಡುತ್ತಾರೆ. ನಾವು ಹೋದಾಗ ಉಳಿದವರು ಕೆಲಸ ಮುಗಿಸಿ ಹೊರಟಿದ್ದರು. ಮುದುಕಿ ಓಲ್ಗಾ ಮಾತ್ರ ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತಿದ್ದಳು.

"ಬಂದ್ಯಾ ಸಿರಿಲ್? ಆಲೂಗಡ್ಡೆ ಸುಲಿಯೋವಾಗ ಬರಲ್ಲ, ತಿನ್ನೋ ಹೊತ್ತಿಗೆ ಸರಿಯಾಗಿ ಬರ್ತೀಯ" ಎಂದು ನನ್ನ ಎದೆಗೆ ಚುಚ್ಚಿದಳು. ನನ್ನ ಹಿಂದೆ ರೆನಾಳನ್ನು ಕಂಡು ಅವಳ ಮುಖ ಬಿಗಿದುಕೊಂಡಿತು. ಮೆಟ್ಟಿಲು ಹತ್ತಿ ಹೋದಳು. ಗ್ಲೆನ್ ಜೈಲಿಗೆ ಹೋದಾಗಿನಿಂದ ಮಾರ್ಸೆಲಾಳ ಪಕ್ಕದ ಕುರ್ಚಿಯಲ್ಲಿ ಕೂರುವವಳು ಓಲ್ಗಾ ಒಬ್ಬಳೇ.

ಮಾರ್ಸೆಲಾ ಉದ್ದನೆಯ ಮೇಜಿನ ತುದಿಯಲ್ಲಿ ಕುಳಿತಿದ್ದಳು. ಹಿಟ್ಟಿನ ಬಿಲ್ಲೆಯೊಳಗೆ ಹೂರಣವಿಟ್ಟು, ಮಡಿಸಿ, ಅಂಚನ್ನು ಚಿವುಟುತ್ತಿದ್ದಳು. ತಲೆ ಎತ್ತಲಿಲ್ಲ.

"ಏನಾಯ್ತು ಮಾಮ, ಪರೀಕ್ಷೆ?"

"ಓದ್ತಮ್ಮ. ಐದು ಸಲವೂ."

ಅವಳ ಬೆರಳು ನಿಂತಿತು. ಆಮೇಲೆ ಮತ್ತೆ ಚಿವುಟತೊಡಗಿತು. "ಗೊತ್ತಿತ್ತು" ಎಂದಳು. "ಅವರಿಗೆ ಸೋಮವಾರದ ಅಂಗಿ ಇಸ್ತ್ರಿ ಮಾಡಿಟ್ಟಿದ್ದೀನಿ."

"ಆಮೇಲೆ ಓದ್ಲಿಲ್ಲ. ಬಿಲ್ಲೆ ಅಂಟಿಸಿದ್ಮೇಲೆ."

ಈಗ ಅವಳು ತಲೆ ಎತ್ತಿದಳು. ನಾನು ಎದುರಿಗೆ ಕುಳಿತೆ. ರೆನಾ ಒಲೆಯ ಹತ್ತಿರ ನಿಂತಳು.

"ಗ್ಲೆನ್ ಬೈಕ್ ಮೇಲಿದ್ದ ಬಿಲ್ಲೆ ಕಿತ್ತೋಳು ನೀನೇನಾ ಮಾರ್ಸೆಲಾ?"

"ಯಾವ ಬಿಲ್ಲೆ?"

"ಮೇ ತಿಂಗಳಲ್ಲಿ ನಾನೇ ಅಂಟಿಸಿದ್ದು."

"ನಲವತ್ತು ಬೈಕ್‌ಗೆ ಅಂಟಿಸ್ತೀರಿ. ನನಗೇನು ಗೊತ್ತು?"

"ಚಾಕುವಿನಲ್ಲಿ ಎಬ್ಬಿಸಿದ್ದೀಯ. ಟ್ಯಾಗಿನ ಪಕ್ಕ ಗೀರು ಬಿದ್ದಿದೆ. ಗಂಡಸರಾದ್ರೆ ಸ್ಕ್ರೂಡ್ರೈವರ್ ತಗೋತಾರೆ, ಗೀರು ಅಗಲ ಇರುತ್ತೆ. ಇದು ಅಡುಗೆಮನೆ ಚಾಕು."

"ಗಂಡಸರು ಅಡುಗೆಮನೆಗೆ ಕಾಲಿಡ್ದೇ ಇರೋದು ನಿಮ್ಮನೇಲಿ ಮಾತ್ರ ಮಾಮ" ಎಂದಳು. ಕೊಂಕು ಹೇಳಿದರೂ ಅವಳ ತುಟಿ ಬಿಳಿಚಿತ್ತು.

"ಅದೊಂದು ಸಿಕ್ಕಿದ್ರೆ ಗ್ಲೆನ್ ಮನೆಗೆ ಬರ್ತಾನೆ ಕಣಮ್ಮ. ಆ ಚಿತ್ರದಲ್ಲಿ ಇರೋನು ಅವನೇ ಅಂತ ಆಗತ್ತೆ. ನನ್ನ ಕೈ ಮಾಡಿದ ತಪ್ಪು ಅದು. ನಾನು ಬಿಲ್ಲೆ ಅಲ್ಲಿ ಅಂಟಿಸ್ದೇ ಇದ್ದಿದ್ರೆ ಅವತ್ತು ಸಂಜೇನೇ ಎಲ್ಲ ಮುಗೀತಿತ್ತು. ಎಸೆದಿದ್ರೆ ಎಸೆದೆ ಅಂತ ಹೇಳು, ಕಸ ಕೆದಕ್ತೀನಿ. ಎಲ್ಲಿಟ್ಟೆ?"

ಅವಳು ಕೈಗೆ ಮೆತ್ತಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ತೆಗೆದಳು. ತುಂಬ ಹೊತ್ತು ತೆಗೆದಳು.

"ಎಸೀಲಿಲ್ಲ" ಎಂದಳು. "ಥ್ಯಾಡ್‌ಗೆ ಕೊಟ್ಟೆ."

"ಥ್ಯಾಡ್‌ಗಾ?"

"ಪೆಟ್ಟಿಗೇಲಿ ಇಟ್ಟೆ ಮಾಮ. ಸಮಾಧಿಗೆ ಮುಂಚಿನ ದಿನ, ದರ್ಶನಕ್ಕೆ ಇಟ್ಟಿದ್ರಲ್ಲ, ನೀವು ಫಾದರ್ ಜೊತೆ ಹೊರಗೆ ಮಾತಾಡ್ತಿದ್ರಿ. ಕೋಟಿನ ಒಳಜೇಬು, ಎಡಗಡೆ. ಖಾಲಿ ಕೈಲಿ ಕಳಿಸ್ಬಾರ್ದು ಅನ್ನಿಸ್ತು. ನಮ್ಮನೇಲಿ ಆಶೀರ್ವಾದ ಆಗಿರೋ ವಸ್ತು ಅದೊಂದೇ ಇತ್ತು."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಯಾರೂ ಆರಿಸಲಿಲ್ಲ.

ಥ್ಯಾಡ್ ಮಲಗಿರುವುದು ಅವನ ತಾಯಿಯ ಪಕ್ಕದಲ್ಲಿ, ಚರ್ಚಿನ ಹಿಂದಿನ ಇಳಿಜಾರಿನಲ್ಲಿ. ಬೆಳಗಿನ ಪೂಜೆ ಮುಗಿಸಿ ದಿನವೂ ಅಲ್ಲಿಗೆ ಹೋಗುತ್ತೇನೆ. ಅವನ ಮೇಲಿನ ಹುಲ್ಲು ಈಗಷ್ಟೇ ಅವಳ ಮೇಲಿನ ಹುಲ್ಲಿನೊಡನೆ ಕೂಡಿಕೊಂಡಿದೆ. ಪುನರುತ್ಥಾನದ ದಿನದವರೆಗೆ ಆ ಮಣ್ಣನ್ನು ಯಾರೂ ಮುಟ್ಟುವುದಿಲ್ಲ ಎಂಬ ಒಂದೇ ಸಮಾಧಾನದಿಂದ ನಾನು ರಾತ್ರಿ ನಿದ್ದೆ ಮಾಡುತ್ತಿದ್ದೆ.

"ನ್ಯಾಯಾಲಯದ ಆದೇಶ ತರೋಕೆ ಮೂರು ವಾರ ಬೇಕು" ಎಂದಳು ರೆನಾ ಮೆಲ್ಲಗೆ. "ಅಷ್ಟರಲ್ಲಿ ಗ್ಲೆನ್ ಸಹಿ ಹಾಕಿರ್ತಾನೆ. ತಂದೆ ಒಪ್ಪಿಗೆ ಬರೆದುಕೊಟ್ರೆ ನಾಳೆ ಬೆಳಿಗ್ಗೇನೇ ಆಗತ್ತೆ. ನಾನು ಒತ್ತಾಯ ಮಾಡಲ್ಲ ತಾತ."

ನಾನು ಗೋಡೆಯ ಮೇಲಿದ್ದ ಶಿಲುಬೆಯನ್ನು ನೋಡಿದೆ. ಪ್ರಭುವೇ, ಒಬ್ಬನನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡೆ, ಒಬ್ಬನನ್ನು ಹೂತೆ, ಈಗ ಏನು ಮಾಡಿಸುತ್ತೀ ಎಂದು ಕೇಳಿದೆ. ಉತ್ತರ ಬರಲಿಲ್ಲ. ಜೂನ್ ತಿಂಗಳಿಂದ ಬಂದಿಲ್ಲ. ಆದರೂ ಕೇಳುತ್ತೇನೆ.

"ಬರೀಮ್ಮ" ಎಂದೆ.

ರೆನಾ ತನ್ನ ಪುಸ್ತಕದ ಹಾಳೆ ಹರಿದು ನಾಲ್ಕು ಸಾಲು ಬರೆದಳು. ಹಿಟ್ಟು ಚೆಲ್ಲಿದ ಮೇಜಿನ ಮೇಲೆ ಜಾಗ ಒರೆಸಿ, ಹಾಳೆಯನ್ನು ನನ್ನ ಮುಂದಿಟ್ಟಳು. ನನ್ನ ಹೆಸರನ್ನು ಬರೆದೆ. ಸಿರಿಲ್ ಹುದಾಕ್, ಮೃತನ ತಂದೆ.

"ಬೇಡ ಮಾಮ" ಎಂದಳು ಮಾರ್ಸೆಲಾ. "ತೆಗೀಬೇಡಿ."

"ಗ್ಲೆನ್‌ಗೋಸ್ಕರ ಕಣಮ್ಮ. ಥ್ಯಾಡ್ ಬೇಜಾರು ಮಾಡ್ಕೊಳ್ಳಲ್ಲ."

"ಗ್ಲೆನ್‌ಗೋಸ್ಕರಾನೇ ಹೇಳ್ತಿದ್ದೀನಿ!" ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಬಿಲ್ಲೆ ಹಾಗೇ ಇಟ್ಟಿಲ್ಲ. ಒಂದು ಕಾಗದದಲ್ಲಿ ಸುತ್ತಿಟ್ಟಿದ್ದೀನಿ. ನಾನು ಥ್ಯಾಡ್‌ಗೆ ಬರೆದ ಕಾಗದ."

ನನಗೆ ತಿಳಿಯಲಿಲ್ಲ. ತಿಳಿಯಬಾರದೆಂದೂ ಇತ್ತೇನೋ. "ಏನಂತ ಬರೆದಿದ್ದೆ?"

"ಕ್ಷಮಿಸು ಅಂತ." ಅವಳ ದನಿ ತೀರ ಇಳಿದುಹೋಯಿತು. "ಎರಡು ವರ್ಷ ಮಾಮ, ಥ್ಯಾಡ್ ಮತ್ತೆ ನಾನು. ನಿಮಗೂ ಗೊತ್ತಾಗ್ಲಿಲ್ಲ, ಯಾರಿಗೂ ಗೊತ್ತಾಗ್ಲಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಗ್ಲೆನ್‌ಗೆ ನಾನೇ ಎಲ್ಲ ಹೇಳ್ಬಿಟ್ಟೆ. ಅವರು ತಟ್ಟೆ ಬಿಟ್ಟು ಎದ್ದು, ಸಾಮಾನಿಗೆ ಟಾರ್ಪಾಲು ಸುತ್ಕೊಂಡು ಬೈಕ್ ಹತ್ತಿ ಹೋದ್ರು. ಗ್ಲೆನ್‌ಗೆ ಹೇಳಿ ನಿನ್ನ ನಾನೇ ಕೊಂದೆ ಅಂತ ಬರೆದಿದ್ದೀನಿ ಅದರಲ್ಲಿ."

ಮಗನ ಬಗ್ಗೆ ದುಃಖಪಡಲು ಆಗ ನನಗೆ ಪುರುಸೊತ್ತಾಗಲಿಲ್ಲ. ನಾಲ್ಕು ತಿಂಗಳು ಸರ್ಕಾರಿ ವಕೀಲರು ಹುಡುಕಿದರೂ ಸಿಗದೇ ಹೋದದ್ದು ಒಂದೇ. ಜೊತೆಯಲ್ಲಿ ಬೆಳೆದ ಗೆಳೆಯನನ್ನು ಗ್ಲೆನ್ ಯಾಕೆ ಕೊಲ್ಲಬೇಕು ಎಂಬ ಕಾರಣ. ಆ ಕಾರಣ ಈಗ ನನ್ನ ಮಗನ ಎದೆಯ ಮೇಲೆ, ಗ್ಲೆನ್‌ನನ್ನು ಉಳಿಸುವ ತಗಡಿಗೆ ಸುತ್ತಿಕೊಂಡು ಮಲಗಿತ್ತು. ಒಂದನ್ನು ಬಿಟ್ಟು ಒಂದನ್ನು ತೆಗೆಯುವಂತಿರಲಿಲ್ಲ.

ಮೇಜಿನ ಮೇಲಿನ ಹಾಳೆಗೆ ಕೈ ಚಾಚಿದೆ. ಅಲ್ಲಿ ಹಾಳೆ ಇರಲಿಲ್ಲ.

ರೆನಾ ಅದನ್ನು ನಾಲ್ಕಾಗಿ ಮಡಿಸುತ್ತಿದ್ದಳು. ಅವಳ ಕಣ್ಣು ನನ್ನ ಕಣ್ಣನ್ನು ತಪ್ಪಿಸಿತು.

"ಅದು ಕೊಡಮ್ಮ" ಎಂದೆ. "ನಾನು ಬರೆದುಕೊಟ್ಟಿದ್ದು. ನನ್ನ ಮಗ ಅವನು."

"ಕೊಡಕ್ಕಾಗಲ್ಲ ತಾತ" ಎಂದಳು ಅವಳು, ಹಾಳೆಯನ್ನು ಕೋಟಿನೊಳಗೆ ಇಟ್ಟುಕೊಳ್ಳುತ್ತಾ. "ನಾನು ಕೇಳಿಸ್ಕೊಂಡ್ಬಿಟ್ಟೆ."